ಹದಿನೇಳು ಸೆಕೆಂಡು

ಚಿತ್ರಕಥೆಯಲ್ಲಿ ಬಾಗಿಲು ಸಿಡಿಯುತ್ತದೆ.
ಮೂರು ಕ್ಯಾಮೆರಾ, ನಿಧಾನಗತಿ,
ಮರದ ಚಕ್ಕೆಗಳು ಪರದೆಯ ತುಂಬ
ತೇಲಿ ತೇಲಿ ಬರುತ್ತವೆ.

ನಿಜದಲ್ಲಿ, ಮೆಝಿಯಾನ್ ಹೇಳುತ್ತಾನೆ,
ಕೀಲಿ ಹಾಕಿ ತೆರೆದೆವು.
ಮೆಟ್ಟಿಲು ಒರೆಸುವ ಖೈರಾ
ಬಕೆಟ್ಟು ಕೆಳಗಿಟ್ಟು, ಒದ್ದೆ ಕೈ ಬಟ್ಟೆಗೆ ಒರೆಸಿಕೊಂಡು
ಗೊಂಚಲಿನಿಂದ ಒಂದನ್ನು ಬಿಡಿಸಿ ಕೊಟ್ಟಳು.
ಅಷ್ಟೇ. ಬೀಗಕ್ಕೆ ತುಕ್ಕು. ಎರಡು ಸಲ ತಿರುವಬೇಕಾಯಿತು.

ಆತ ನಮ್ಮ ಸಲಹೆಗಾರ. ಆವತ್ತು ಆ ಪಡೆಯ ಮುಂದಾಳು.
ಈಗ ಮೊಣಕಾಲು ನೋವು, ಸಕ್ಕರೆ ಕಾಯಿಲೆ;
ನನ್ನ ಎಡಿಟಿಂಗ್ ಕೋಣೆಗೆ ಹತ್ತಿಬರುವಾಗ
ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಾನೆ.
ನಿರ್ದೇಶಕನಿಗೆ ‘ಸರಿ, ಸರಿ’ ಎನ್ನುತ್ತಾನೆ.
ನನಗೆ ಹೇಳುವುದು ಬೇರೆ.

‘ಕೀಲಿ ತಿರುಗುವುದನ್ನು ನೋಡಲು
ಯಾರು ಟಿಕೆಟ್ ಕೊಳ್ಳುತ್ತಾರೆ, ಝುಲೀಖಾ?’
ಸುಫ್ಯಾನ್ ಕೇಳುತ್ತಾನೆ. ನಾನು ಕಿಟಕಿ ತೆರೆಯುತ್ತೇನೆ.
ಒರಾನಿನ ಬಂದರಿನಲ್ಲಿ ಹಡಗೊಂದು ಕೂಗಿ
ಹೊರಡದೆ ನಿಂತಿದೆ.

ಆ ವರ್ಷ ನನಗೆ ಒಂಬತ್ತು.
ಸಂಜೆಯಾದರೆ ಅಜ್ಜಿ ಕಪಾಟು ಎಳೆದು
ಬಾಗಿಲಿಗೆ ಒತ್ತರಿಸುತ್ತಿದ್ದಳು.
ಟಿವಿಯಲ್ಲಿ ಸತ್ತವರ ಲೆಕ್ಕ ಓದುವ ಹೆಂಗಸಿನ
ತುಟಿಯ ಬಣ್ಣ ಈಗಲೂ ನೆನಪಿದೆ.
ಲೆಕ್ಕ ನೆನಪಿಲ್ಲ.

ನಾನು ಕತ್ತರಿಸಲು ಕೂತವಳು.
ಗೋಡೆಯ ಮೇಲಿನ ರಕ್ತ ತೆಗೆದೆ.
ಪಿಟೀಲುಗಳನ್ನು ತೆಗೆದೆ.
ಸಾಯುವವನ ಮುಖಕ್ಕೆ ಮೂಗು ತಾಗಿಸಿದ ಕ್ಯಾಮೆರಾವನ್ನು
ಹಿಂದಕ್ಕೆ ಕಳಿಸಿದೆ. ಎಂಥವನೇ ಆಗಿರಲಿ,
ಸಾಯುವಷ್ಟು ಹೊತ್ತು ಅವನದು.
ಇದಕ್ಕೆ ಸಂಯಮ ಎಂದು ಹೆಸರಿಟ್ಟೆ,
ಒಳಗೊಳಗೇ ಬೀಗಿದೆ.

ಒಂದು ಮಧ್ಯಾಹ್ನ ಮೆಝಿಯಾನ್
ಖಾಲಿ ಚಹಾ ಲೋಟ ತಿರುಗಿಸುತ್ತ:
‘ಎರಡನೇ ಮಹಡಿಯ ತಿರುವಿನಲ್ಲಿ ಒಬ್ಬ ಹುಡುಗ ಇದ್ದ.
ತಲೆಯ ಮೇಲೆ ಕಡಲೆಹಿಟ್ಟಿನ ಕರಂತಿಕಾ,
ಇಡೀ ತಟ್ಟೆ, ಆಗಷ್ಟೇ ಒಲೆಯಿಂದ ಬಂದದ್ದು.
ನಮ್ಮವನೊಬ್ಬ ಬೆಚ್ಚಿದ. ಅವನಿಗೂ ಇಪ್ಪತ್ತೇ.
ವರದಿಯಲ್ಲಿ ಹುಡುಗ ಐದನೇ ಉಗ್ರ.’
ಲೋಟ ಕೆಳಗಿಟ್ಟ.
‘ಹಾಕಬೇಡ. ತಾಯಿ ಇನ್ನೂ ಇದ್ದಾಳೆ.
ಸಂಯಮ, ಸಂಯಮ ಎನ್ನುವವಳು ನೀನೇ ಅಲ್ಲವೇ?’

ನನ್ನದೇ ಮಾತು, ಒಗೆದು ಇಸ್ತ್ರಿ ಹಾಕಿ
ನನ್ನ ಕೈಗೇ ವಾಪಸು.

ತುಟಿ ಕಚ್ಚಿ ಹಿಡಿದ ಮಾತು ಒಂದು;
ತುಟಿಗೆ ಬೇರೆಯವರು ಹಾಕಿದ ಹೊಲಿಗೆ ಇನ್ನೊಂದು.
ದೂರದಿಂದ ನೋಡಿದರೆ
ಎರಡೂ ಮುಚ್ಚಿದ ಬಾಯೇ.

ಸಿದಿ ಎಲ್ ಹೌವಾರಿಯ ಇಳಿಜಾರಿನಲ್ಲಿ ವಿಚಾರಿಸುತ್ತ ಹೋದೆ.
ಯಮೀನಾ ಅವರೆಕಾಯಿ ಸುಲಿಯುತ್ತಿದ್ದಳು.
ಕೂರು ಎನ್ನಲಿಲ್ಲ, ಹೋಗು ಎನ್ನಲಿಲ್ಲ.
‘ನಿನ್ನ ಸಿನಿಮಾದಲ್ಲಿ ಮಿಲೂದ್ ಏನಾಗಿದ್ದಾನೆ?’
‘ಇಲ್ಲ,’ ಎಂದೆ.
‘ಇಲ್ಲವಾಗಿ ಇಪ್ಪತ್ತಾರು ವರ್ಷ ಆಯಿತು, ಮಗಳೇ.
ಅದಕ್ಕೆ ಸಿನಿಮಾ ಯಾಕೆ?’
ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ.
ಬಹಳ ಹೊತ್ತಿನ ಮೇಲೆ:
‘ಬೀಳುವುದನ್ನು ತೋರಿಸಬೇಡ. ಅದನ್ನು ನಾನೇ ನೋಡಿಲ್ಲ,
ಊರವರು ಯಾಕೆ ನೋಡಬೇಕು?
ತಟ್ಟೆ ಎಂಥದೆಂದು ತೋರಿಸು.
ಅಂಚು ಸೊಟ್ಟ ಇತ್ತು. ನಾನೇ ಬೀಳಿಸಿದ್ದು.’

ಸುಫ್ಯಾನ್ ಜೊತೆ ಒಂಬತ್ತು ದಿನ ಜಗಳ.
ಮೆಝಿಯಾನ್ ಫೋನು ಎತ್ತುವುದನ್ನು ಬಿಟ್ಟ.
ಕೊನೆಗೆ ನನಗೆ ಸಿಕ್ಕಿದ್ದು ಹದಿನೇಳು ಸೆಕೆಂಡು:
ಮೆಟ್ಟಿಲ ತಿರುವು, ಸೊಟ್ಟ ಅಂಚಿನ ತಟ್ಟೆ,
ಅದರಿಂದ ಏಳುವ ಹಬೆ.
ಮನುಷ್ಯರಿಲ್ಲ. ಸಂಗೀತವಿಲ್ಲ.
ವರದಿಯ ಸುಳ್ಳನ್ನು ಅದು ಸುಳ್ಳೆಂದು ಹೇಳುವುದೋ
ಇಲ್ಲವೋ, ನನಗೆ ತಿಳಿಯದು.

ಬಾಗಿಲು ಮಾತ್ರ ಸಿಡಿಯುತ್ತದೆ.
ಅಲ್ಲಿ ನಾನು ಸೋತೆ.
ಖೈರಾಳ ಗೊಂಚಲು ಯಾರಿಗೂ ಕಾಣುವುದಿಲ್ಲ.

ಮೊದಲ ದಿನ ಹಿಂದಿನ ಸಾಲಿನಲ್ಲಿ ಕೂತಿದ್ದೆ.
ಬಾಗಿಲಿಗೆ ಶಿಳ್ಳೆ ಬಿತ್ತು.
ತಟ್ಟೆ ಬಂದಾಗ ಕೆಲವರು ಫೋನು ನೋಡಿಕೊಂಡರು,
ಒಬ್ಬ ಕೆಮ್ಮಿದ.
ಕತ್ತಲಲ್ಲಿ ಎಲ್ಲೋ ಒಬ್ಬ ಹೆಂಗಸು
ಪಕ್ಕದವಳಿಗೆ, ಅಡುಗೆಮನೆಯ ದನಿಯಲ್ಲಿ:
‘ಯಾರೂ ತೆಗೆದುಕೊಳ್ಳುತ್ತಿಲ್ಲವಲ್ಲ,
ಆರಿಹೋಗುತ್ತದೆ ಅದು.’